ನಡುವ ಸ್ಟಾಪ್ ಇಲ್ಲಂತ ತಿಳ್ಕೊ

ಸರ್ ತೀರಿಕೊಂಡರೆಂಬ ಫೋನ್ ಬಂದಾಗ ನಾನು ಮನೆಯ ಬಾಗಿಲಿಗೆ ಹಾಕಿದ ಕೀಲಿಯನ್ನು ಮೂರನೆಯ ಸಲ ಜಗ್ಗಿ ನೋಡುತ್ತಿದ್ದೆ. ಎರಡು ಸಲ ಸಾಲದು. ಎರಡನೆಯ ಸಲ ಜಗ್ಗಿದ್ದರಿಂದಲೇ ಅದು ಸಡಿಲಾಗಿರಬಹುದಲ್ಲ. ಫೋನ್ ಮಾಡಿದವರು ಸರ್ ಅವರ ಹೆಂಡತಿ. ನಾವೆಲ್ಲ ಅವರನ್ನು ಕಾಕೂ ಎನ್ನುತ್ತಿದ್ದೆವು.

"ನಿನ್ನಿ ಸಂಜಿ ಮುಂದ ಹ್ವಾದ್ರಪಾ," ಎಂದರು. "ತ್ರಾಸ ಏನೂ ಆಗಲಿಲ್ಲ. ಕುಂತಲ್ಲೇ ಕುಂತಿದ್ರು. ನಾ ಏನೋ ಬರ್ಯಾಕತ್ತಾರಂತ ಸುಮ್ನಿದ್ನಿ."

ಇಂಥ ಹೊತ್ತಿನಲ್ಲಿ ಮನುಷ್ಯನಾದವನಿಗೆ ಮೊದಲು ದುಃಖವಾಗಬೇಕು. ನನಗೆ ಮೊದಲು ಹೆದರಿಕೆಯಾಯಿತು. ನಾನು ಜೀವಮಾನದಲ್ಲಿ ಸಾಧಿಸಿದ ಒಂದೇ ಒಂದು ಪ್ರಮೇಯದ ಹಣೆಬರಹ ಬಲ್ಲವರು ಇಬ್ಬರಿದ್ದೆವು. ಈಗ ಒಬ್ಬನೇ ಉಳಿದೆ, ಅವನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ಸರ್ ಮಿರಜದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ನಾನು ಸಾಂಗ್ಲಿಯ ಇನ್ನೊಂದು ಕಾಲೇಜಿನಲ್ಲಿ ಹಂಗಾಮಿ ಲೆಕ್ಚರರ್. ಎಂ.ಫಿಲ್. ಮಾಡಲು ಅವರ ಕೈಕೆಳಗೆ ಸೇರಿದ್ದೆ. ಉದ್ದನೆಯ ಆಳು, ತುಂಬು ತೋಳಿನ ಬಿಳಿ ಅಂಗಿ, ಎಡಗೈಯ ಗುಂಡಿ ಯಾವಾಗಲೂ ಬಿಚ್ಚಿರುತ್ತಿತ್ತು. ತಿಂಗಳು ಮುಗಿದ ಕ್ಯಾಲೆಂಡರ್ ಹಾಳೆಗಳನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡು, ಅವುಗಳ ಬೆನ್ನ ಮೇಲೆ ಸಾಧನೆಗಳನ್ನು, ಅಂದರೆ ಪ್ರಮೇಯಗಳ ಪ್ರೂಫುಗಳನ್ನು, ಬರೆಯುತ್ತಿದ್ದರು. "ಒಂದು ತಿಂಗಳದಾಗ ಹಿಡಿಸಲಾರದ್ದು ಸಾಧನೀನ ಅಲ್ಲ," ಎನ್ನುತ್ತಿದ್ದರು. ನನ್ನದೊಂದು ಸಾಧನೆ ಚೈತ್ರದಿಂದ ಆಷಾಢದವರೆಗೆ ಹರಿದಾಗ ಆ ನಾಲ್ಕು ಹಾಳೆಗಳನ್ನು ಸುರುಳಿ ಸುತ್ತಿ ನನ್ನ ಕೈಗೇ ಕೊಟ್ಟರು. "ಗ್ವಾಡಿಗೆ ಹಚ್ಕೊ. ಹಬ್ಬ ಹುಣ್ಣಿಮಿ ತಿಳೀತಾವ."

ಅವರ ಮೂಲ ಊರು ಖಂಡೇರಾಜುರಿ. ಕನ್ನಡ ಮಾತಿನ ಜೈನ ಮನೆತನ, ಅಣ್ಣಂದಿರು ಅಲ್ಲೇ ಹೊಲ ನೋಡಿಕೊಂಡಿದ್ದರು. ಸರ್ ಹೊತ್ತು ಮುಳುಗುವ ಮೊದಲು ಊಟ ಮಾಡುವವರು. ಹೀಗಾಗಿ ನನ್ನ ಪಾಠ ಎಲ್ಲಿಗೆ ಬಂದಿರುತ್ತದೋ ಅಲ್ಲಿಗೆ, ಸಮೀಕರಣದ ಬಲಬದಿ ಖಾಲಿ ಇದ್ದಂತೆಯೇ, ಅವರು ಎದ್ದುಬಿಡುತ್ತಿದ್ದರು. ಒಮ್ಮೆ ಜಾಣತನ ತೋರಿಸಲು ಹೋಗಿ ನಾನು, "ಸರ್, ಈ ಖಾಲಿ ಬಲಬದಿ ನಿಮ್ಮ ಜೈನರ ಸ್ಯಾದ್ವಾದ ಇದ್ದಂಗ ಅಲ್ಲೇನ್ರಿ? ಒಂದು ನಮೂನಿಲೆ ನೋಡಿದ್ರ ಐತಿ, ಇನ್ನೊಂದು ನಮೂನಿಲೆ ಇಲ್ಲ?" ಎಂದೆ. ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. "ಜಿನಬಸ್ತಿಯೊಳಗಿಂದು ಬಸ್ತಿಯೊಳಗ ಇರಲಿ. ನೀ ನಿನ್ನ ಪ್ರೂಫಿನ ಎರಡನೇ ಲೆಮ್ಮಾ ಮುಗಸು."

ಅವರ ವಿಷಯ ಆಪರೇಟರ್ ಆಲ್ಜಿಬ್ರಾ. ಕಾಕೂನ ತಮ್ಮ ಕುಪವಾಡದ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಲೇಥ್ ಆಪರೇಟರ್. ಭಾವನೂ ತನ್ನದೇ ಲೈನಿನವನು ಎಂದು ಅವನು ಬಹಳ ವರ್ಷ ನಂಬಿದ್ದ. ಸರ್ ಆ ನಂಬಿಕೆ ಕೆಡಿಸಲಿಲ್ಲ. "ನಿನ್ನ ಮಶೀನಿಗೆ ಕಬ್ಬಿಣ ಹಾಕಿದ್ರ ಬೋಲ್ಟ್ ಬರತೈತಿ. ನನ್ನ ಮಶೀನಿಗೆ ಪಾಳಿ ಹಾಕಿದ್ರ ಪಾಳಿ ಬರತೈತಿ," ಎಂದು ಅವನಿಗೆ ಹೇಳುತ್ತಿದ್ದರು.

ಪಾಳಿ ಎಂದರೆ ಕ್ಯೂ. ನನಗೂ ಅವರು ವಿಷಯ ಹೇಳಿಕೊಟ್ಟದ್ದು ಮಿರಜದ ಬಸ್ ನಿಲ್ದಾಣದ ಪಾಳಿಯಲ್ಲಿ ನಿಂತೇ.

"ಮುಗಿಯಲಾರದ ಪಾಳಿ ಅಂತ ತಿಳ್ಕೊ. ಒಬ್ಬೊಬ್ಬನ ಕೈಯಾಗ ಒಂದೊಂದು ಅಂಕಿ. ಮುಂದಿನ ಹತ್ತು ಮಂದಿ ತಮ್ಮ ಅಂಕಿ ಬದಲಿ ಮಾಡಿದ್ರು. ಪಾಳಿ ಬದಲಾತೇನು?"

"ಆತಲ್ರಿ."

"ಇಲ್ಲ. ಹತ್ತು ಮಂದಿ ಲೆಕ್ಕಕ್ಕಿಲ್ಲ. ಹತ್ತು ಸಾವಿರ ಮಂದಿನೂ ಲೆಕ್ಕಕ್ಕಿಲ್ಲ. ದೂರ, ಕಣ್ಣಿಗೆ ಕಾಣಲಾರದ ಜಾಗಾದಾಗ ಏನ ನಡದೈತಿ ಅದಷ್ಟ ನೋಡು."

ಆ ದಿನ ಪಾಳಿಯ ಮುಂದಿನ ಹತ್ತರಲ್ಲಿ ನಾವೇ ಇದ್ದುದರಿಂದ ಈ ಮಾತು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಪ್ರಶ್ನೆ ಇಷ್ಟೇ. ಪಾಳಿಯ ಜನರನ್ನು ಅತ್ತಿತ್ತ ಸರಿಸಿ ನಿಲ್ಲಿಸಿದರೆ ಪಾಳಿಯ ರೂಪ ಬದಲಾಗುತ್ತದೆ, ಲೆಕ್ಕಾಚಾರ ಕೆಡುವುದಿಲ್ಲ. ಆದರೆ ಯಾರನ್ನೂ ಹೇಗೂ ಸರಿಸಿ ವಿವರಿಸಲಾಗದಂಥ ಒಂದು ಅದಲುಬದಲು, ದೂರದಿಂದ ನೋಡಿದಾಗ ಮಾತ್ರ ಕಾಣುವಂಥದ್ದು, ಇದೆಯೇ? ಪಾಳಿಗಳ ಮಟ್ಟಿಗೆ ಇದರದೊಂದು ಸಣ್ಣ ಬಗೆಯನ್ನು ಸರ್ ನನಗೆ ಬಿಟ್ಟುಕೊಟ್ಟಿದ್ದರು. ಇದೇ ಪ್ರಶ್ನೆಯನ್ನು ಆಪರೇಟರುಗಳ ಬಗ್ಗೆ ಕೇಳಿದರೆ ಅದು ಬೆಟ್ಟ. ಅದನ್ನು ತಮಗೆಂದು ಇಟ್ಟುಕೊಂಡಿದ್ದರು.

ಅವರಿಗೆ ಅಂಜಿಕೆಯೆಂಬುದು ಗೊತ್ತಿಲ್ಲ ಎಂದು ನಾನು ತಿಳಿದಿದ್ದೆ. ಒಮ್ಮೆ ಸಾಂಗ್ಲಿಯಲ್ಲಿ ಕೃಷ್ಣೆಯ ಸೇತುವೆಯ ನಡುಮಧ್ಯದಲ್ಲಿ ನಿಂತು, ಕಬ್ಬಿನ ಟ್ರಾಕ್ಟರುಗಳು ನಮ್ಮ ಅಂಗಿ ಸವರಿಕೊಂಡು ಹೋಗುತ್ತಿರುವಾಗ, ಕೈಯಿಂದ ಗಾಳಿಯಲ್ಲಿ ಒಂದು ಚಿತ್ರ ಬಿಡಿಸತೊಡಗಿದರು. ನಾನು ಕಟಕಟೆ ಹಿಡಿದುಕೊಂಡಿದ್ದೆ. ನದಿಗೆ ಬಿದ್ದರೆ ಈಜು ಬರುವುದಿಲ್ಲ, ರಸ್ತೆಗೆ ಬಿದ್ದರೆ ಟ್ರಾಕ್ಟರು. "ಸರ್, ಆ ದಂಡಿಗೆ ಹೋಗಿ ಮಾತಾಡೂಣ್ರಿ." "ಆ ದಂಡಿಗೆ ಹೋಗೂದ್ರಾಗ ಮರತ ಹೋಗತೈತಿ," ಎಂದು ಚಿತ್ರ ಮುಗಿಸಿಯೇ ಹೆಜ್ಜೆ ಕಿತ್ತಿಟ್ಟರು.

ಆ ವರ್ಷಗಳಲ್ಲಿ ಊರು ಬಲು ಬೇಗ ಬೆಳೆಯುತ್ತಿತ್ತು. ಸಾಂಗ್ಲಿ ಮತ್ತು ಮಿರಜದ ನಡುವೆ ನಾನು ಚಿಕ್ಕವನಿದ್ದಾಗ ಜೋಳದ ಹೊಲಗಳಿದ್ದವು. ಈಗ ಅಲ್ಲಿ ದಿನಕ್ಕೊಂದು ಕಟ್ಟಡ, ಗಳಿಗೆಗೊಂದು ಎಸ್‌ಟಿಡಿ ಬೂತು, ಎಂಜಿನಿಯರಿಂಗ್ ಪ್ರವೇಶಕ್ಕೆ ತಯಾರು ಮಾಡುವ ಕ್ಲಾಸುಗಳ ಬೋರ್ಡು. ಬಿ.ಎಸ್‌ಸಿ. ಗಣಿತಕ್ಕೆ ಹುಡುಗರು ಕಡಿಮೆಯಾಗುತ್ತಿದ್ದರು. ನಮ್ಮ ಪ್ರಿನ್ಸಿಪಾಲರು ನನ್ನನ್ನು ಕರೆದು ಹೇಳಿದ್ದರು: ಜೂನ್ ತಿಂಗಳೊಳಗೆ ಎಂ.ಫಿಲ್. ಸರ್ಟಿಫಿಕೇಟು ತಂದರೆ ಕಾಯಂ, ಇಲ್ಲದಿದ್ದರೆ ಆ ಜಾಗವೇ ರದ್ದು. ಮನೆಯಲ್ಲಿ ಹೆಂಡತಿ ಬಸುರಿ. ನಾನು ಪ್ರತಿದಿನ ಬೆಳಿಗ್ಗೆ ಎದ್ದು ಮೊದಲು ಜೂನ್ ಎಷ್ಟು ದೂರವಿದೆ ನೋಡಿ, ಆಮೇಲೆ ಹಲ್ಲುಜ್ಜುತ್ತಿದ್ದೆ.

ಇನ್ನು ಆ ಬಸ್ಸಿನ ಮಾತು.

ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ಸಿಟಿ ಬಸ್ಸು. ನನಗೆ ಕಿಟಕಿಯ ಸೀಟು, ಸರ್ ನಿಂತಿದ್ದರು. ಅವರಿಗೆ ನಿಂತು ಮಾತಾಡುವುದೇ ಅನುಕೂಲ. ನನ್ನ ಕೊಡೆಯನ್ನು ಕಾಲೇಜಿನಲ್ಲಿ ಬಿಟ್ಟೆನೋ ಆಟೋದಲ್ಲಿ ಬಿಟ್ಟೆನೋ ಎಂಬ ಚಿಂತೆಯಲ್ಲಿ ನಾನಿದ್ದೆ. ಅವರು ಎರಡು ಅನಂತಗಳ ಬಗ್ಗೆ ಹೇಳುತ್ತಿದ್ದರು. ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗುವ ಅನಂತ ಒಂದು. ಗೆರೆಯ ಮೇಲಿನ ಬಿಂದುಗಳ ಅನಂತ ಇನ್ನೊಂದು, ಮೊದಲಿನದಕ್ಕಿಂತ ದೊಡ್ಡದು.

"ಎಣಿಸೂ ಅನಂತ ಸಾಂಗ್ಲಿ. ಗೆರೀದು ಮಿರಜ. ಸಾಂಗ್ಲಿ ಬಿಟ್ರ ಸೀದಾ ಮಿರಜ, ನಡುವ ಸ್ಟಾಪ್ ಇಲ್ಲಂತ ತಿಳ್ಕೊ. ಹಂಗಾದ್ರ ನಿನ್ನ ಪಾಳಿಯೊಳಗ ಅಂಥಾದ್ದೊಂದು ಅದಲಾಬದಲಿ ಕಟ್ಟಾಕ ಬರತೈತಿ."

ಬಸ್ಸು ದಾರಿಯ ನಡುವಿನ ವಿಶ್ರಾಮಬಾಗದಲ್ಲಿ ನಿಂತಿತು. ಸೀರೆಯಂಗಡಿಯ ಚೀಲ ಹಿಡಿದ ನಾಲ್ವರು ಹತ್ತಿದರು. ನಾನು ಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಎರಡರ ನಡುವೆ ಬೇರೆ ಗಾತ್ರವಿಲ್ಲ, ಇದು ತಿಳಿದಿರಲಿ. ಕೊಡೆ ಮನೆಯಲ್ಲೇ ಇತ್ತು.

ಆ ಸಾಲಿನ ಮೇಲೆ ನನ್ನ ಪ್ರಮೇಯ ಎದ್ದಿತು. ಹತ್ತು ತಿಂಗಳಲ್ಲಿ ಪ್ರಬಂಧ ಮುಗಿಯಿತು. ಟೈಪಾಗಿ, ನಾಲ್ಕು ಪ್ರತಿಗಳಿಗೆ ನೀಲಿ ರಟ್ಟು ಬಿದ್ದು, ಸರ್ ಸಹಿಯೂ ಆಯಿತು. ವಿದ್ಯಾಪೀಠಕ್ಕೆ ಸೋಮವಾರ ಒಪ್ಪಿಸಬೇಕು. ಅದಕ್ಕೂ ಹಿಂದಿನ ಗುರುವಾರ ಮುಂಬಯಿಯಿಂದ ಅಂಚೆಯಲ್ಲಿ ಒಂದು ಲೇಖನದ ಝೆರಾಕ್ಸ್ ಬಂತು. ನಾನೇ ಎಂದೋ ಕೇಳಿ ಮರೆತದ್ದು. ಕಾಲೇಜಿನ ಗ್ರಂಥಾಲಯದಲ್ಲಿ ನಿಂತುಕೊಂಡೇ ಮೊದಲ ಪ್ಯಾರಾ ಓದಿದೆ. ನನ್ನ ಪ್ರಮೇಯದಲ್ಲಿ ಇದೆ ಎಂದಿರುವ ಅದಲುಬದಲು ಇಲ್ಲದಿರಬಹುದು ಎಂದು ಅದರಲ್ಲಿ ಸಾಧಿಸಿತ್ತು.

ಇಬ್ಬರೂ ಸರಿ ಇರಲು ಸಾಧ್ಯವಿಲ್ಲ. ಇನ್ನೂ ಓದಿದೆ. ಇಬ್ಬರೂ ಸರಿ ಇರಲು ಸಾಧ್ಯ ಎಂದು ತಿಳಿದ ಮೇಲೆ ಹತ್ತಿರದ ಸ್ಟೂಲು ಎಳೆದುಕೊಂಡು ಕೂತೆ. ಗಣಿತದ ಎಲ್ಲ ನಿಯಮಗಳನ್ನೂ ಪಾಲಿಸುವ ಜಗತ್ತುಗಳು ಒಂದಲ್ಲ, ಬೇರೆ ಬೇರೆ ಇವೆ. ಕೆಲವುಗಳಲ್ಲಿ ಆ ಎರಡು ಅನಂತಗಳ ನಡುವೆ ಏನೂ ಇಲ್ಲ, ಅಲ್ಲಿ ನನ್ನ ಪ್ರಮೇಯ ನಿಜ. ಇನ್ನು ಕೆಲವುಗಳಲ್ಲಿ ನಡುವೆ ಬೇರೆ ಗಾತ್ರಗಳಿವೆ. ಅಂಥದೊಂದರಲ್ಲಿ ನನ್ನ ಪ್ರಮೇಯ ಸುಳ್ಳು. ಯಾವುದು ನಮ್ಮದು ಎಂದು ನಿಯಮಗಳು ಹೇಳುವುದಿಲ್ಲ. ಸರ್ ಬಸ್ಸಿನಲ್ಲಿ ಹೇಳಿದ್ದು ಊಹೆ. ನಾನು ಬರೆದುಕೊಂಡದ್ದು ಸತ್ಯ. ಪ್ರಬಂಧದ ಹನ್ನೊಂದನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ, "ಎಲ್ಲರಿಗೂ ತಿಳಿದಿರುವಂತೆ" ಎಂದು ಧೈರ್ಯವಾಗಿ ಟೈಪಾಗಿತ್ತು.

ಎರಡು ದಿನ ಯಾರಿಗೂ ಹೇಳಲಿಲ್ಲ. ಊಟಕ್ಕೆ ಕೂತರೆ ಆ ಹನ್ನೊಂದನೆಯ ಪುಟ ತಾಟಿನಲ್ಲಿ ಕಾಣುತ್ತಿತ್ತು. ಶನಿವಾರ ಮಧ್ಯಾಹ್ನ ನಾಲ್ಕೂ ಪ್ರತಿ ಹೊತ್ತುಕೊಂಡು ಮಿರಜಕ್ಕೆ ಹೋದೆ.

"ಬಾ, ಕುಂದ್ರು," ಎಂದರು ಕಾಕೂ. "ಮಾರಿ ಯಾಕ ಹಿಂಗ? ಮನ್ಯಾಗ ಎಲ್ಲಾ ಆರಾಮ?"

"ಮನ್ಯಾಗ ಆರಾಮ್ರಿ ಕಾಕೂ."

ಸರ್ ಪುಟ ಓದಿದರು. ಝೆರಾಕ್ಸ್ ನೋಡಿದರು. ಮತ್ತೆ ಪುಟಕ್ಕೆ ಬಂದರು.

"ನಾ ತಿಳ್ಕೊ ಅಂದಿದ್ನಿ."

"ತಿಳ್ಕೊಂಡ್ನಿರಿ," ಎಂದೆ.

ಕಾಕೂ ಒಳಗಿನಿಂದ, "ಮತ್ತ ತಿಳ್ಕೊ ಅಂದ್ರ ತಿಳ್ಕೊಳ್ಳಲಾರದ ಏನ ಮಾಡ್ಯಾನ ಅಂವಾ?" ಎಂದರು.

ಸರ್ ನಕ್ಕರೆಂದು ತೋರಿತು, ಸರಿಯಾಗಿ ಕಾಣಲಿಲ್ಲ. "ಮರಾಠಿಯೊಳಗ ಹೇಳಿದ್ರ ಇದು ಆಗತಿದ್ದಿಲ್ಲ. ಅಲ್ಲೆ ಊಹಾ ಮಾಡಾಕ ಒಂದು ಶಬ್ದ, ತಿಳಕೊಳ್ಳಾಕ ಇನ್ನೊಂದು. ನಮ್ಮದರಾಗ ಎರಡಕ್ಕೂ ಒಂದ." ಆಮೇಲೆ ತಗ್ಗಿದ ದನಿಯಲ್ಲಿ, "ಸಹಿ ಮಾಡೂಕಿಂತ ಮೊದಲ ನಾನೂ ಓದೇನಿ. ಕಣ್ಣ ಮುಂದ ಹಾದು ಹ್ವಾತು," ಎಂದರು.

"ಸರ್, ಊಹಾ ಬಿಟ್ಟು ಸಾಧಿಸಾಕ ಬರೂದಿಲ್ಲೇನ್ರಿ?"

"ಬರೂದಿಲ್ಲಂತ ಇದರಾಗ ಐತಲ್ಲ."

"ಮತ್ತ ನಾವು ಯಾವ ಜಗತ್ತಿನಾಗ ಅದೀವ್ರಿ?"

"ಮಿರಜದಾಗ. ಆ ಶಬ್ದ ಹೊಡದು, ಮ್ಯಾಲ 'ಎಂದು ಊಹಿಸಿದರೆ' ಅಂತ ಬರೀ. ಬಾಜೂಕ ನಾ ಸಹಿ ಹಾಕತೇನಿ."

ನಾನು ಹೇಳಬಾರದ ಮಾತು ಹೇಳಿದೆ. "ಹಂಗ ಬರದ್ರ ಇದು ಗಣಿತ ಅಲ್ಲ, ವೇದಾಂತ ಅಂತಾರ್ರಿ. ವಾಪಸ್ ಕಳಸ್ತಾರ. ಜೂನ್ ದಾಟತೈತಿ. ಬರೀಲಿಲ್ಲಂದ್ರ ಯಾರ ನೋಡತಾರ್ರಿ?"

ಅವರು ಬೈಯಲಿಲ್ಲ. ನಾಲ್ಕೂ ಪ್ರತಿಗಳಲ್ಲಿ ಹನ್ನೊಂದನೆಯ ಪುಟದ ಅಂಚಿನಲ್ಲಿ ತಮ್ಮ ಸಹಿ ಹಾಕಿದರು. ತಿದ್ದುಪಡಿ ಇನ್ನೂ ಆಗಿಯೇ ಇರಲಿಲ್ಲ. "ನಂದು ಆತು. ನಿಂದು ನೀ ಬರಕೋ," ಎಂದು ಪುಸ್ತಕಗಳನ್ನು ನನ್ನ ಕಡೆ ಸರಿಸಿದರು.

ಭಾನುವಾರ ಇಡೀ ದಿನ ನಾಲ್ಕು ಪುಸ್ತಕಗಳನ್ನು ಮುಂದಿಟ್ಟುಕೊಂಡು ಕುಳಿತೆ. ಬರೆದರೆ ನೌಕರಿ ಹೋಗುವ ಭಯ. ಬರೆಯದಿದ್ದರೆ ಆ ಖಾಲಿ ಸಹಿ ನನ್ನನ್ನೇ ನೋಡುತ್ತಿತ್ತು. ಕೊನೆಗೆ ನನ್ನಂಥವನು ಏನು ಮಾಡುತ್ತಾನೋ ಅದನ್ನೇ ಮಾಡಿದೆ: ಪೆನ್ಸಿಲಿನಲ್ಲಿ ಬರೆದೆ. ಅದೂ ತೆಳ್ಳಗೆ, ಉಸಿರು ಬಿಟ್ಟರೆ ಹಾರುವಷ್ಟು. ಸೋಮವಾರ ಸರ್ ಫೋನಿನಲ್ಲಿ, "ಬರದೀ?" ಎಂದು ಕೇಳಿದರು. "ಬರದೇನ್ರಿ," ಎಂದೆ. ಸುಳ್ಳಲ್ಲವಲ್ಲ.

ಮೌಖಿಕ ಪರೀಕ್ಷೆಗೆ ಆರು ವಾರ ಹಿಡಿಯಿತು. ಆ ಆರು ವಾರ ನನಗೆ ಎರಡು ಭಯ ಪಾಳಿಯ ಮೇಲೆ ಬರುತ್ತಿದ್ದವು. ಹಗಲೆಲ್ಲ ಪೆನ್ಸಿಲ್ ಗೆರೆ ಪರೀಕ್ಷಕರ ಕಣ್ಣಿಗೆ ಬೀಳುತ್ತದೆಂಬ ಭಯ. ಸಂಜೆಯಾದರೆ ಅಂಚೆಯ ಚೀಲದಲ್ಲಿ ತಿಕ್ಕಿ ತಿಕ್ಕಿ ಅಳಿಸಿಯೇ ಹೋಗಿರಬಹುದೆಂಬ ಭಯ.

ಪರೀಕ್ಷಕರು ಪುಣೆಯವರು, ವಯಸ್ಸಾದವರು, ಮಾತು ಮೆದು. ವಿದ್ಯಾಪೀಠದ ಒಂದು ಕೋಣೆಯಲ್ಲಿ ಮೇಜಿನ ಆಚೆ ಅವರು, ಈಚೆ ನಾನು, ಪಕ್ಕದಲ್ಲಿ ಮಾರ್ಗದರ್ಶಕರೆಂದು ಸರ್. ಅರ್ಧ ಗಂಟೆ ಎಲ್ಲವೂ ಸುರಳೀತ ನಡೆಯಿತು. ಆಮೇಲೆ ಅವರು ಹನ್ನೊಂದನೆಯ ಪುಟ ತೆಗೆದು, ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರು.

"ಇಲ್ಲೇನೋ ಮಸುಕಾಗಿ ಬರೆದಂತಿದೆ," ಎಂದು ಮರಾಠಿಯಲ್ಲಿ ಹೇಳಿದರು.

ಸರ್ ಪುಸ್ತಕ ಇಸಿದುಕೊಂಡು ನೋಡಿದರು. ಪೆನ್ಸಿಲು. ಪಕ್ಕದಲ್ಲಿ ಶಾಯಿಯ ತಮ್ಮ ಸಹಿ. ನನ್ನ ಕಡೆ ತಿರುಗಲಿಲ್ಲ, ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ಪರೀಕ್ಷಕರು ಒಳ್ಳೆಯವರು, ಅದೇ ಕಷ್ಟವಾಯಿತು. "ಈ ತಿದ್ದುಪಡಿ ಇಲ್ಲದಿದ್ದರೆ ನಾನು ಈಗಲೇ ಸಹಿ ಮಾಡುತ್ತಿದ್ದೆ," ಎಂದರು. "ಇದ್ದರೆ, ಊಹೆಯ ಮೇಲೆ ನಿಂತ ಪ್ರಮೇಯವನ್ನು ನಮ್ಮ ಸಮಿತಿ ಏನೆನ್ನುತ್ತದೋ ಹೇಳಲಾರೆ. ಬಹುಶಃ ಮತ್ತೆ ಬರೆಯಲು ಹೇಳಬಹುದು. ಪೆನ್ಸಿಲಿನಲ್ಲಿದೆ. ನಾನು ಏನೂ ನೋಡಿಲ್ಲ." ತಮ್ಮ ಜೇಬಿನ ಪೆನ್ಸಿಲನ್ನು ತಿರುಗಿಸಿ, ರಬ್ಬರಿನ ತುದಿ ನನ್ನ ಕಡೆ ಮಾಡಿ ಮೇಜಿನ ಮೇಲಿಟ್ಟರು.

ಸರ್ ತಮ್ಮ ಪೆನ್ನು ತೆಗೆದು ಅದರ ಪಕ್ಕದಲ್ಲಿಟ್ಟರು. ಆಮೇಲೆ ಕಿಟಕಿಯ ಹೊರಗೆ ನೋಡತೊಡಗಿದರು.

ಆ ಕ್ಷಣ ನನ್ನ ತಲೆಯಲ್ಲಿ ನಡೆದದ್ದನ್ನು ಇದ್ದಂತೆಯೇ ಬರೆಯುತ್ತೇನೆ. ಅಳಿಸಿದರೆ ನೌಕರಿ ಕಾಯಂ. ಆದರೆ ಇನ್ನು ಮೂವತ್ತು ವರ್ಷ, ಅಂಚೆಯವನು ಬಂದಾಗಲೆಲ್ಲ, ಯಾರೋ ಹನ್ನೊಂದನೆಯ ಪುಟ ಓದಿ ಕಾಗದ ಬರೆದಿದ್ದಾರೆ ಎಂದು ನಡುಗಬೇಕು. ಬರೆದರೆ ಇವತ್ತೇ ಏನಾಗುವುದೋ ಆಗಿ ಮುಗಿಯುತ್ತದೆ. ಮೂವತ್ತು ವರ್ಷದ ಭಯವನ್ನು ನಾನು ತಾಳಲಾರೆ, ನನ್ನ ಮೈ ನನಗೆ ಗೊತ್ತು. ಪೆನ್ನು ತೆಗೆದುಕೊಂಡು ಗೆರೆಯ ಮೇಲೆ ಗೆರೆ ಎಳೆದೆ. ಅಕ್ಷರದ ಮೇಲೆ ಅಕ್ಷರ ಬರೆದೆ. ನಾಲ್ಕು ಪ್ರತಿಗಳಲ್ಲಿ ಒಂದೇ ಅಲ್ಲಿತ್ತು. ಉಳಿದವನ್ನೂ ತರಿಸಿ ಎಂದೆ. ಎಲ್ಲಿಂದ ಆ ಮಾತು ಬಂತೋ.

ಪರೀಕ್ಷಕರು ನಮ್ಮಿಬ್ಬರನ್ನೂ ಹೊರಗೆ ಕೂರಲು ಹೇಳಿದರು. ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಸರ್ ಪೆನ್ನಿಗೆ ಟೊಪ್ಪಿಗೆ ಹಾಕಲು ನೋಡುತ್ತಿದ್ದರು. ಅದು ಕೂರುತ್ತಿರಲಿಲ್ಲ. ಎರಡು ಸಲ ತಪ್ಪಿ ಬೆರಳಿಗೆ ಶಾಯಿಯಾಯಿತು. ಆಗ ಕಂಡೆ, ಅವರ ಎರಡೂ ಕೈ ನಡುಗುತ್ತಿದ್ದವು. ಒಳಗೆ ಪಾಸು ನಪಾಸು ಆಗುತ್ತಿದ್ದದ್ದು ನಾನೊಬ್ಬನೇ ಎಂದುಕೊಂಡಿದ್ದೆ. ತಪ್ಪನ್ನು ಕಾಣದೆ ಸಹಿ ಹಾಕಿದ ಮನುಷ್ಯ ಪಕ್ಕದಲ್ಲಿ ಕೂತಿದ್ದಾನೆಂಬುದು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ.

"ನಿನಗ ಅಂಜಿಕಿ ಬರಲಿಲ್ಲೇನು?" ಎಂದು ಕೇಳಿದರು.

"ಸರ್, ಅದು ಹಂಗಲ್ರಿ," ಎನ್ನುವಷ್ಟರಲ್ಲಿ ಸಿಪಾಯಿ ಬಂದು ಒಳಗೆ ಕರೆದ. ಪರೀಕ್ಷಕರು ಸಹಿ ಮಾಡಿದ್ದರು. ಕೆಳಗೆ "ಊಹೆಯನ್ನು ಸ್ಪಷ್ಟವಾಗಿ ಹೇಳಲಾಗಿದೆ" ಎಂದು ಒಂದು ಸಾಲು ಸೇರಿಸಿದ್ದರು. ಸಮಿತಿ ಅದನ್ನು ಓದಿತೋ ಇಲ್ಲವೋ, ತಡೆಯಲಿಲ್ಲ. ಜೂನ್ ಇಪ್ಪತ್ತಾರಕ್ಕೆ ಸರ್ಟಿಫಿಕೇಟು ಕೈಗೆ ಬಂತು. ಇಪ್ಪತ್ತೇಳರಿಂದ ಬೇರೆ ವಿಷಯಗಳ ಚಿಂತೆ ಶುರುಮಾಡಿದೆ.

ಎಷ್ಟೋ ವರ್ಷಗಳ ಮೇಲೆ ಸರ್ ಅವರ ಬೆಟ್ಟದಂಥ ಪ್ರಶ್ನೆಗೂ ಉತ್ತರ ಬಂತು, ದೂರದೇಶದವರಿಂದ. ಸರ್ ಮಿರಜದ ಒಂದು ಸೈಬರ್ ಕೆಫೆಯಲ್ಲಿ ಲೇಖನಗಳನ್ನು ಪ್ರಿಂಟ್ ಮಾಡಿಸಿಕೊಂಡು ಓದಿ ನನಗೆ ಫೋನ್ ಮಾಡಿದರು.

"ಆಪರೇಟರದ್ದೂ ಹಂಗ ಆತು ನೋಡು. ಒಂದು ಜಗತ್ತಿನಾಗ ಐತಿ, ಇನ್ನೊಂದರಾಗ ಇಲ್ಲ."

"ಬ್ಯಾಸರಾತೇನ್ರಿ ಸರ್?"

"ಇಲ್ಲಪಾ. ಎರಡು ದಿನ ಆತು, ಊಟ ಸೇರವಲ್ದು, ಅಷ್ಟ."

ಬೆಂಚಿನ ಮೇಲೆ ಕೇಳಿದ ಪ್ರಶ್ನೆಗೆ ಅವತ್ತಾದರೂ ಉತ್ತರ ಹೇಳಬಹುದಿತ್ತು. ಹೇಳಲಿಲ್ಲ.

ಸರ್ ತೀರಿಕೊಂಡ ಮೂರನೆಯ ದಿನ ಮಿರಜದ ಮನೆಗೆ ಹೋದೆ. ಪಡಸಾಲೆಯಲ್ಲಿ ಖಂಡೇರಾಜುರಿಯಿಂದ ಬಂದ ಬಂಧುಗಳು ಕೂತಿದ್ದರು. ಅವರ ಮಕ್ಕಳು ಮರಾಠಿಯಲ್ಲಿ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಕಾಕೂ ನನ್ನ ಕೈ ಹಿಡಿದು ಎಲ್ಲರ ಮುಂದೆ ತಂದು ನಿಲ್ಲಿಸಿದರು.

"ಇಂವನ ನೋಡ್ರಿ ಅಂವ. ಅವ್ರು ಯಾವಾಗ ನೋಡಿದ್ರೂ ಇವನ ಸುದ್ದೀನ ಹೇಳತಿದ್ರು. ಪುಣೇದ ಸಾಹೇಬ ಅಳಸು ಅಂದ್ರೂ ಅಳಸಲಿಲ್ಲಂತ. ನನ್ನ ಕೈ ನಡಗಾಕತ್ತಿದ್ದು, ಅಂವ ಮಾತ್ರ ಯಾರಿಗೂ ಅಂಜಲಿಲ್ಲ ಅಂತಿದ್ರು. ಅಂಥಾ ಗಟ್ಟಿ ಮನಶ್ಯಾನ್ನ ನಾ ನೋಡಿಲ್ಲ ಅಂತಿದ್ರು."

ಇಲ್ಲರಿ ಕಾಕೂ, ಅದು ಹಂಗಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಪಡಸಾಲೆ ತುಂಬ ಜನ ನನ್ನನ್ನೇ ನೋಡುತ್ತಿದ್ದರು. ಕಾಕೂ ನನ್ನ ಕೈ ಬಿಟ್ಟಿರಲಿಲ್ಲ. ಹೇಳಲು ಅಂಜಿಕೆಯಾಯಿತು.